ಹುಟ್ಟಿದ ದಿನ ಗೊತ್ತಿಲ್ಲ ಎನ್ನುವ ಸ್ವಾತಂತ್ರ್ಯ



ನಮ್ಮ ನಾಡಿನ ಯಾವುದೇ ಹಳ್ಳಿಯಲ್ಲಿ ಐವತ್ತು ದಾಟಿದ ಹತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ಅವರ ಜನ್ಮದಿನಾಂಕವನ್ನು ಕೇಳಿ ನೋಡಿ. ಕೆಲವರಾದರೂ ‘ಜೂನ್ ಒಂದು’ ಎನ್ನುತ್ತಾರೆ. ಅಷ್ಟೊಂದು ಮಕ್ಕಳು ಒಂದೇ ದಿನ ಈ ಲೋಕಕ್ಕೆ ಬಂದರೆಂದು ನಂಬಲು ಯಾವ ಜ್ಯೋತಿಷಿಯೂ ಒಪ್ಪಲಾರ. ಕಾರಣ ಸರಳ. ಶಾಲೆ ಆರಂಭವಾಗುವುದು ಜೂನ್ ತಿಂಗಳಿನಲ್ಲಿ. ಆ ಹೊತ್ತಿಗೆ ಮಗುವಿಗೆ ಇಂತಿಷ್ಟು ವರ್ಷ ತುಂಬಿರಬೇಕೆಂಬುದು ನಿಯಮ. ತಂದೆ ಮಗುವಿನ ಕೈಹಿಡಿದು ಬಂದು ‘ಕೈಲ್ ಮುಹೂರ್ತದ ಮರುವಾರ ಹುಟ್ಟಿದ್ದು, ಆ ವರ್ಷ ಮಳೆ ಬಹಳ’ ಎಂದರೆ, ದಾಖಲಾತಿ ಪುಸ್ತಕದಲ್ಲಿ ಮಳೆಯನ್ನು ಬರೆಯಲು ಅಂಕಣವಿರಲಿಲ್ಲ. ಅಲ್ಲಿದ್ದದ್ದು ದಿನ, ತಿಂಗಳು, ವರ್ಷ ಎಂಬ ಮೂರು ಮನೆಗಳು ಮಾತ್ರ. ಅವನ್ನು ತುಂಬಲೇಬೇಕಾಗಿತ್ತು. ಗಡಿಯಾಚೆಯ ಕೇರಳದಲ್ಲಿಯೂ ಇದೇ ಕಥೆ. ಪ್ರತಿ ವರ್ಷ ಮೇ 31ರಂದು ಅಲ್ಲಿ ಸಾವಿರಾರು ಸರ್ಕಾರಿ ನೌಕರರು ಒಟ್ಟಿಗೆ ನಿವೃತ್ತರಾಗುತ್ತಾರೆ. ಅದರ ಮೂಲವಿರುವುದು ಕಚೇರಿಗಳಲ್ಲಲ್ಲ, ಅರ್ಧ ಶತಮಾನದ ಹಿಂದಿನ ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ.

ಇದು ಹಳೆಯ ನಗೆಮಾತು. ಶಿಕ್ಷಕರ ಕೊಠಡಿಗಳಲ್ಲಿ ನಾವೆಲ್ಲರೂ ಹೇಳಿಕೊಂಡು ನಕ್ಕದ್ದು. ಆದರೆ ಆ ಪುಸ್ತಕಗಳು ಕಂಪ್ಯೂಟರಿನೊಳಗೆ ಹೋದ ಮೇಲೆ ಅದು ನಗೆಮಾತಾಗಿ ಉಳಿದಿಲ್ಲ. ಯಂತ್ರವೊಂದು ತಾರೀಖನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆಗೂ ಒಬ್ಬ ಮನುಷ್ಯ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಗೂ ಹತ್ತಿರದ ನಂಟಿದೆಯೆಂದು ನನಗೆ ತೋರುತ್ತದೆ. ಸಮಾಜವಿಜ್ಞಾನ ಕಲಿಸಿದವನಿಗೆ ಕಂಪ್ಯೂಟರಿನ ಗೊಡವೆಯೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನೀವೇ ಬೆಂಗಳೂರಿನಿಂದ ರಜೆಗೆ ಬಂದಾಗಲೆಲ್ಲ ನನಗೆ ಪಾಠ ಹೇಳಿದವರು. ಆ ಪಾಠದಲ್ಲಿ ನನಗೆ ಅರ್ಥವಾದದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಮೊದಲು ಯಂತ್ರದ ವಿಷಯ. ಕಂಪ್ಯೂಟರುಗಳ ಆರಂಭದ ದಿನಗಳಲ್ಲಿ ಸ್ಮರಣೆಯೆಂಬುದು ಬಹಳ ದುಬಾರಿಯಾದ ಸರಕು. ಮಾಹಿತಿಯನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಇಡುತ್ತಿದ್ದರು. ಒಂದು ಕಾರ್ಡಿನಲ್ಲಿ 80 ಅಕ್ಷರಗಳಿಗಷ್ಟೇ ಸ್ಥಳ. ಆದ್ದರಿಂದ 1965 ಎಂದು ಬರೆಯುವ ಬದಲು 65 ಎಂದಷ್ಟೇ ಬರೆದು ಎರಡು ಅಂಕಿಗಳ ಸ್ಥಳವನ್ನು ಉಳಿಸಿದರು. ಬಾಬ್ ಬೆಮರ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ 1970ರ ದಶಕದಲ್ಲಿಯೇ ಇದರ ಅಪಾಯವನ್ನು ಕುರಿತು ಎಚ್ಚರಿಸಿದ್ದ. ಕೇಳಿದವರು ಕಡಿಮೆ. 2000ನೆಯ ಇಸವಿ ಹತ್ತಿರವಾದಂತೆ 00 ಎಂದರೆ 1900ವೋ 2000ವೋ ಎಂಬುದು ಯಂತ್ರಕ್ಕೆ ತಿಳಿಯದೆಂಬ ಗಾಬರಿ ಲೋಕವನ್ನು ಹಿಡಿಯಿತು. ಕೋಬಾಲ್ ಭಾಷೆಯಲ್ಲಿ ಬರೆದ ಕೋಟ್ಯಂತರ ಸಾಲುಗಳನ್ನು ತಿದ್ದುವ ಕೆಲಸದ ಒಂದು ದೊಡ್ಡ ಪಾಲು ಬೆಂಗಳೂರಿಗೆ ಬಂತು. ‘ವೈಟೂಕೆ’ ಎಂಬ ಆ ಎರಡು ಅಂಕಿಗಳ ಜಿಪುಣತನವೇ ನಮ್ಮ ಎಷ್ಟೋ ಮನೆಗಳ ಮಕ್ಕಳಿಗೆ ಮೊದಲ ವಿಮಾನ ಹತ್ತಿಸಿತು. ಕಾಫಿಯ ಬೆಲೆ ಕುಸಿದಿದ್ದ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

‘ಆಮೇಲೆ ಏನೂ ಆಗಲಿಲ್ಲವಲ್ಲ’ ಎನ್ನುವವರಿದ್ದಾರೆ. ಆಗಲಿಲ್ಲವೆಂದಲ್ಲ, ಬಹುಪಾಲನ್ನು ತಿದ್ದಿದ್ದರಿಂದ ತಪ್ಪಿತು. ತಿದ್ದದೆ ಉಳಿದ ಕಡೆ ಏನಾಯಿತೆಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ನಗರ ಸಾಕ್ಷಿ. ಗರ್ಭಸ್ಥ ಶಿಶುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವೆಷ್ಟೆಂದು ಲೆಕ್ಕಹಾಕುವಾಗ ತಾಯಿಯ ವಯಸ್ಸು ಮುಖ್ಯ. 2000ದ ಮೊದಲ ತಿಂಗಳುಗಳಲ್ಲಿ ಅಲ್ಲಿನ ಕಂಪ್ಯೂಟರು ವಯಸ್ಸನ್ನೇ ತಪ್ಪಾಗಿ ಎಣಿಸಿ 154 ಗರ್ಭಿಣಿಯರಿಗೆ ತಪ್ಪು ವರದಿ ಕೊಟ್ಟಿತು. ತಾರೀಖಿನ ದೋಷವೊಂದು ತಾಯಂದಿರ ಬದುಕಿನ ಅತಿ ಕಠಿಣ ನಿರ್ಧಾರದೊಳಕ್ಕೆ ಕೈಹಾಕಿದ ಪ್ರಸಂಗವದು.

ಮುಂದಿನ ಗಂಡಾಂತರದ ಮುಹೂರ್ತವೂ ನಿಶ್ಚಯವಾಗಿದೆ. ಯುನಿಕ್ಸ್ ಎಂಬ ವ್ಯವಸ್ಥೆ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ತಿಳಿಯುತ್ತದೆ. 32 ಬಿಟ್‌ಗಳ ಹಳೆಯ ಕ್ರಮದಲ್ಲಿ 2,147,483,647ಕ್ಕಿಂತ ಮೇಲೆ ಎಣಿಸಲು ಸ್ಥಳವಿಲ್ಲ. 2038ರ ಜನವರಿ 19ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ತುಂಬುತ್ತದೆ. ಮರುಕ್ಷಣವೇ, ತಿದ್ದದೆ ಉಳಿದ ಯಂತ್ರ ತಾನು 1901ರ ಡಿಸೆಂಬರಿನಲ್ಲಿದ್ದೇನೆಂದು ತಿಳಿಯುತ್ತದೆ. ಎಕ್ಸೆಲ್‌ನದು ಇನ್ನೊಂದು ವಿನೋದ. ಅದರ ಪ್ರಕಾರ 1900ರಲ್ಲಿ ಫೆಬ್ರವರಿ 29 ಇತ್ತು! ನಿಜವಾಗಿ ಇರಲಿಲ್ಲ. ಲೋಟಸ್ ಎಂಬ ಹಿಂದಿನ ತಂತ್ರಾಂಶದ ದೋಷವನ್ನು ಹೊಂದಾಣಿಕೆಗೋಸ್ಕರ ಹಾಗೆಯೇ ಉಳಿಸಿಕೊಂಡರು. 1900ಕ್ಕಿಂತ ಹಿಂದಿನ ದಿನಗಳಂತೂ ಅದರ ಲೆಕ್ಕದಲ್ಲಿ ತಾರೀಖುಗಳೇ ಅಲ್ಲ. ಕೊಡಗು ಬ್ರಿಟಿಷರ ವಶವಾದ 1834ರ ಯಾವುದೇ ದಿನವನ್ನು ಬರೆದರೂ ಅದನ್ನು ಬರಿಯ ಅಕ್ಷರಗಳೆಂದು ಬದಿಗಿಡುತ್ತದೆ.

ಈ ತೊಡಕು ಪಶ್ಚಿಮದ ಯಂತ್ರಗಳು ಹುಟ್ಟಿಸಿದ್ದೆಂದು ಭಾವಿಸಬೇಡಿ. ನಮ್ಮ ಸಂವತ್ಸರ ಚಕ್ರವೂ ಎರಡಂಕಿಯ ವರ್ಷವೇ. ಪ್ರಭವದಿಂದ ಅಕ್ಷಯದವರೆಗೆ 60 ಹೆಸರುಗಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ವಿಶ್ವಾವಸು 1965ರಲ್ಲಿಯೂ ಬಂತು, 2025ರಲ್ಲಿಯೂ ಬಂತು. ತಾಳೆಗರಿಯೊಂದರಲ್ಲಿ ‘ವಿಶ್ವಾವಸು ಸಂವತ್ಸರದ ಶ್ರಾವಣ’ ಎಂದಷ್ಟೇ ಇದ್ದರೆ ಅದು ಯಾವ ಶತಮಾನದ ಶ್ರಾವಣವೆಂದು ಹೇಳುವುದು ಹೇಗೆ? ನಮ್ಮ ಶಾಸನಗಳನ್ನು ಬರೆದವರಿಗೆ ಈ ಅಪಾಯ ಗೊತ್ತಿತ್ತು. ಅದಕ್ಕಾಗಿಯೇ ಅವರು ಶಕವರ್ಷವನ್ನೂ ಸಂವತ್ಸರದ ಹೆಸರನ್ನೂ ಒಟ್ಟಿಗೆ ಕೆತ್ತಿಸಿದರು. ತಿಥಿ, ವಾರಗಳನ್ನೂ ಸೇರಿಸಿದರು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಳ್ಳಲಿ ಎಂಬ ವಿವೇಕ. ಕಲ್ಲಿನಲ್ಲಿ ಅಕ್ಷರ ಕೆತ್ತುವುದು ರಂಧ್ರದ ಕಾರ್ಡಿಗಿಂತ ಅಗ್ಗವೇನೂ ಆಗಿರಲಿಲ್ಲ. ಆದರೂ ಅವರು ಅಲ್ಲಿ ಜಿಪುಣತನ ತೋರಲಿಲ್ಲ.

ಇವೆಲ್ಲ ಸ್ಥಳ ಸಾಲದ್ದರಿಂದ ಹುಟ್ಟಿದ ದೋಷಗಳು. ಸ್ಥಳ ಹೆಚ್ಚಿಸಿದರೆ ಪರಿಹಾರವಾಗುತ್ತವೆ. ನನ್ನನ್ನು ಕಾಡುವುದು ಇನ್ನೊಂದು ದೋಷ. ಅದಕ್ಕೆ ಸ್ಥಳದ ಕೊರತೆ ಕಾರಣವಲ್ಲ, ವಿನಯದ ಕೊರತೆ ಕಾರಣ. ಗೊತ್ತಿರುವ ತಾರೀಖನ್ನೂ ಊಹಿಸಿದ ತಾರೀಖನ್ನೂ ಒಂದೇ ಮನೆಯಲ್ಲಿ, ಒಂದೇ ರೂಪದಲ್ಲಿ ಇಡುವುದೇ ಆ ದೋಷ. ಆಸ್ಪತ್ರೆಯಲ್ಲಿ ಹುಟ್ಟಿ, ಗಂಟೆ ನಿಮಿಷ ಸಹಿತ ಬರೆಸಿಕೊಂಡ ಮಗುವಿನ 14-08-2009 ಎಂಬುದೂ, ‘ಸುಮಾರು ಅರವತ್ತಿರಬಹುದು’ ಎಂದ ಅಜ್ಜಿಗೆ ಹಚ್ಚಿದ 01-01 ಎಂಬುದೂ ಯಂತ್ರದ ಕಣ್ಣಿಗೆ ಸಮಾನ ಸತ್ಯಗಳು. ಆಧಾರ್ ನೋಂದಣಿಯಲ್ಲಿ ಜನ್ಮದಿನಾಂಕವನ್ನು ಪರಿಶೀಲಿಸಿದ್ದು, ತಾನಾಗಿ ಹೇಳಿದ್ದು, ಅಂದಾಜು ಎಂಬ ಮೂರು ಬಗೆಯಾಗಿ ಗುರುತಿಸುವ ಏರ್ಪಾಡು ಇದ್ದೇ ಇದೆ. ಮೊದಲ ಕಾಲದ ಅನೇಕ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಅಚ್ಚಾಗಿರುತ್ತಿತ್ತು. ಅದು ಪ್ರಾಮಾಣಿಕವಾದ ಕ್ರಮ. ಆದರೆ ಆ ಮಾಹಿತಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಯ ಕಂಪ್ಯೂಟರಿಗೆ ಸಾಗುವ ಹೊತ್ತಿಗೆ ‘ಅಂದಾಜು’ ಎಂಬ ಮಾತು ದಾರಿಯಲ್ಲಿ ಉದುರಿಹೋಗಿ ಬರಿಯ ತಾರೀಖು ಉಳಿಯುತ್ತದೆ.

ನಮ್ಮ ಕಡೆಯ ಒಬ್ಬ ಎರವ ಅಜ್ಜಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಕಾಫಿ ತೋಟಗಳಲ್ಲಿ ಬದುಕು ಸವೆಸಿದವರು. ದಾಖಲೆಯಲ್ಲಿ ಅವರ ಜನನ 01-01-1964. ಅವರ ಹಿರಿಯ ಮಗ ಶಾಲೆಗೆ ಹೋದವನು. ಅವನ ಜನನ 01-06-1972. ಎಂದರೆ ಎಂಟು ವರ್ಷ ಐದು ತಿಂಗಳ ಹುಡುಗಿ ಮಗನನ್ನು ಹೆತ್ತಿದ್ದಾಳೆ! ಎರಡೂ ಕಾಗದಗಳು ಒಂದೇ ಮೇಜಿನ ಮೇಲಿದ್ದವು. 65 ತುಂಬಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲು ಹೋದಾಗ, ಒಂದು ಕಚೇರಿಯಲ್ಲಿ ಕುಳಿತಿದ್ದ ತರುಣ ಸಭ್ಯವಾಗಿಯೇ ಹೇಳಿದ: ‘ಅಜ್ಜಿಗೆ ವಯಸ್ಸಾಗಿದೆ ಅಂತ ನನಗೂ ಕಾಣ್ತದೆ ಸರ್. ಆದರೆ ಸಿಸ್ಟಮ್ ತಗೊಳ್ಳೋದಿಲ್ಲ.’ ಆ ಹುಡುಗನ ಮೇಲೆ ನನಗೆ ಕೋಪ ಬರಲಿಲ್ಲ. ಅವನಿಗೂ ಅಧಿಕಾರವಿರಲಿಲ್ಲ. ಕಣ್ಣೆದುರಿನ ಮುಖವನ್ನು ನಂಬುವ ಅಧಿಕಾರವನ್ನು ಅವನಿಂದ ಕಿತ್ತುಕೊಂಡು ಪರದೆಗೆ ಕೊಟ್ಟಿದ್ದರು. ಓಡಾಟ, ವೈದ್ಯರ ಪ್ರಮಾಣಪತ್ರ, ಮತ್ತೆ ಓಡಾಟ. ಒಂದೂಮುಕ್ಕಾಲು ವರ್ಷ ಹಿಡಿಯಿತು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ‘ನಾ ಹುಟ್ಟಿದ್ದು ಅವರಿಗೆ ಹೇಗೆ ಗೊತ್ತು?’

ರಾಜಕೀಯ ತತ್ತ್ವಶಾಸ್ತ್ರದ ಗ್ರಂಥಗಳಿಗೆ ಹೋಗುವ ಮೊದಲು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ. ಇತರರಿಗೆ ಆಗುವ ಹಾನಿಯನ್ನು ತಡೆಯುವುದಕ್ಕಲ್ಲದೆ ಬೇರೆ ಕಾರಣಕ್ಕೆ ಸಮಾಜವು ವ್ಯಕ್ತಿಯ ಮೇಲೆ ಬಲ ಪ್ರಯೋಗಿಸಕೂಡದು ಎಂಬುದು ಅವನ ವಾದದ ತಿರುಳು. ಸುಮಾರು ನೂರು ವರ್ಷಗಳ ಬಳಿಕ, 1958ರಲ್ಲಿ, ಐಸಯಾ ಬರ್ಲಿನ್ ಆಕ್ಸ್‌ಫರ್ಡಿನ ಉಪನ್ಯಾಸವೊಂದರಲ್ಲಿ ಸ್ವಾತಂತ್ರ್ಯದ ಎರಡು ಕಲ್ಪನೆಗಳನ್ನು ಬಿಡಿಸಿಟ್ಟ: ಯಾರೂ ನನ್ನನ್ನು ತಡೆಯದಿರುವುದು ಒಂದು, ನನ್ನ ಬದುಕಿಗೆ ನಾನೇ ಒಡೆಯನಾಗಿರುವುದು ಇನ್ನೊಂದು. ಅಜ್ಜಿಯನ್ನು ಯಾರೂ ಬಂಧಿಸಲಿಲ್ಲ, ಯಾರೂ ತಡೆಯಲಿಲ್ಲ. ಮೊದಲನೆಯ ಅರ್ಥದಲ್ಲಿ ಅವರು ಸ್ವತಂತ್ರರೇ. ಆದರೆ ತನ್ನ ಬಗ್ಗೆ ತಾನು ಹೇಳುವ ಮಾತಿಗೆ ಬೆಲೆಯಿಲ್ಲವಾದಾಗ, ತನ್ನ ಬದುಕಿನ ಆರಂಭವನ್ನೇ ಇನ್ನೊಬ್ಬರು ಊಹಿಸಿ ಬರೆದು ಅದನ್ನೇ ತನ್ನೆದುರು ಸಾಕ್ಷ್ಯವಾಗಿ ಹಿಡಿದಾಗ, ಎರಡನೆಯ ಅರ್ಥದ ಸ್ವಾತಂತ್ರ್ಯ ಎಲ್ಲಿ ಉಳಿಯಿತು?

ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸ 1998ರ ತನ್ನ ಗ್ರಂಥದಲ್ಲಿ, ಪ್ರಭುತ್ವಕ್ಕೆ ಆಳಬೇಕಾದರೆ ಮೊದಲು ಪ್ರಜೆಗಳು ಓದಲು ಬರುವಂತಿರಬೇಕು ಎಂಬುದನ್ನು ವಿವರವಾಗಿ ತೋರಿಸಿದ. ಮನೆತನದ ಹೆಸರು, ಭೂಮಿಯ ಸರ್ವೆ ಸಂಖ್ಯೆ, ಜನ್ಮದಿನಾಂಕ ಇವೆಲ್ಲ ಆ ಓದಿನ ಅಕ್ಷರಮಾಲೆ. ಅದನ್ನು ನಾನು ಸಾರಾಸಗಟಾಗಿ ತಿರಸ್ಕರಿಸುವವನಲ್ಲ. ಶಿಕ್ಷಕನಾಗಿ ಅದರ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಹದಿನಾರರ ಹುಡುಗಿಗೆ ಮದುವೆ ನಿಶ್ಚಯವಾದಾಗ ಅದನ್ನು ನಿಲ್ಲಿಸಿದ್ದು ಯಾರ ಭಾಷಣವೂ ಅಲ್ಲ, ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗನನ್ನು ಮತ್ತೆ ತರಗತಿಗೆ ತಂದದ್ದೂ ಅಂಥದೇ ಸಾಲು. ಹದಿನೆಂಟಕ್ಕೆ ಮತದಾನ, ಅರವತ್ತಕ್ಕೆ ಗೌರವದ ನಿವೃತ್ತಿ ಎಲ್ಲಕ್ಕೂ ತಾರೀಖೇ ಕೀಲಿಕೈ. ದುರ್ಬಲರ ಸ್ವಾತಂತ್ರ್ಯವನ್ನು ತಾರೀಖು ಎಷ್ಟೋ ಸಲ ಕಾಪಾಡಿದೆ.

ಗಡಿಯಲ್ಲಿ ವಾಸಿಸುವ ನಮಗೆ ತಾರೀಖಿನ ಬಿಗಿ ಇನ್ನೊಂದು ರೀತಿಯಲ್ಲಿಯೂ ಪರಿಚಯವಾಯಿತು. 2020ರ ಮಾರ್ಚಿನಲ್ಲಿ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಕೇರಳದ ಕಡೆಯ ಸಂಚಾರ ಮುಚ್ಚಿದ್ದನ್ನು ನೀವು ಮರೆತಿರಲಾರಿರಿ. 2021ರ ಜುಲೈ ಕೊನೆಯಲ್ಲಿ ಬಂದ ಆದೇಶದಂತೆ, ಕೇರಳದಿಂದ ಬರುವವರು ಲಸಿಕೆ ಪಡೆದಿದ್ದರೂ 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕಾಯಿತು. ಇರಿಟ್ಟಿಯಲ್ಲಿ ತವರು, ವಿರಾಜಪೇಟೆಯಲ್ಲಿ ಅತ್ತೆಮನೆ ಎಂಬಂಥ ಸಂಸಾರಗಳ ನಮ್ಮ ಸೀಮೆಯಲ್ಲಿ, ಒಂದು ಕಾಗದದ ಮೇಲಿನ ಗಂಟೆ ನಿಮಿಷವೇ ದಾರಿ ತೆರೆಯುವ, ಮುಚ್ಚುವ ದ್ವಾರಪಾಲಕನಾಯಿತು. ಸೋಂಕು ಇತರರಿಗೆ ಹಾನಿ ಮಾಡುವಂಥದು. ಆದ್ದರಿಂದ ಮಿಲ್‌ನ ತತ್ತ್ವದ ಪ್ರಕಾರವೂ ಆ ನಿರ್ಬಂಧಕ್ಕೆ ಸಮರ್ಥನೆಯಿತ್ತು ಎಂದೇ ನನ್ನ ಅಭಿಪ್ರಾಯ. ಆ ತಾರೀಖಿಗೆ ಒಂದು ಗುಣವಿತ್ತು: ಅದು ನಿಜವಾದ ತಾರೀಖು, ಪ್ರಯೋಗಾಲಯ ಬರೆದದ್ದು, ಅವಧಿ ಮುಗಿದರೆ ಮತ್ತೊಂದು ವರದಿ ಪಡೆಯಬಹುದಿತ್ತು. ಅಜ್ಜಿಯ ತಾರೀಖಿಗೆ ಈ ಎರಡು ಗುಣಗಳೂ ಇಲ್ಲ. ಅದು ಊಹೆ, ಆದರೂ ಶಾಶ್ವತ.

ಇಲ್ಲಿ ನಮ್ಮ ರಾಜ್ಯದ ಹೆಮ್ಮೆಯ ಹೆಸರೊಂದನ್ನು ಸ್ಮರಿಸಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಆಧಾರ್ ಕಾನೂನಿನ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತು. ಒಬ್ಬ ನ್ಯಾಯಮೂರ್ತಿಯ ಭಿನ್ನಮತವೂ ದಾಖಲಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ರ ಹರೆಯದಲ್ಲಿ, ತೀರಿಕೊಂಡರು. ಅದೇ ತಿಂಗಳು ಸುಪ್ರೀಂ ಕೋರ್ಟು ಬೇರೊಂದು ಪ್ರಕರಣದಲ್ಲಿ, ವಯಸ್ಸನ್ನು ನಿರ್ಣಯಿಸಲು ಆಧಾರ್ ಕಾರ್ಡಿನ ತಾರೀಖಿಗಿಂತ ಶಾಲೆ ಬಿಟ್ಟ ಪ್ರಮಾಣಪತ್ರದ ತಾರೀಖನ್ನೇ ಆಧಾರವಾಗಿಸಿಕೊಂಡಿತು. ಶಾಲೆಯ ಪುಸ್ತಕಕ್ಕೆ ಸಿಕ್ಕ ಈ ಮನ್ನಣೆ ಹಳೆಯ ಮೇಷ್ಟರಿಗೆ ಹಿತವೇ. ಆದರೆ ಜೂನ್ ಒಂದರ ಕಥೆ ಬಲ್ಲವನಿಗೆ ಸ್ವಲ್ಪ ನಗುವೂ ಬರುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗಂತೂ ಆ ಬಾಗಿಲೂ ಇಲ್ಲ.

‘ತಿದ್ದಲು ಬಿಟ್ಟರೆ ಎಲ್ಲರೂ ವಯಸ್ಸು ತಿರುಚುತ್ತಾರೆ’ ಎಂಬುದು ಎದುರುವಾದ. ಅದರಲ್ಲಿ ಹುರುಳಿದೆ. ನಿವೃತ್ತಿ ಹತ್ತಿರವಾದಾಗ ದಿಢೀರನೆ ಎರಡು ವರ್ಷ ಕಿರಿಯರಾಗುವವರು ಇದ್ದೇ ಇದ್ದಾರೆ. ಅದನ್ನು ತಡೆಯಲೆಂದೇ ನಮ್ಮಲ್ಲಿ ರಾಜ್ಯ ನೌಕರರ ವಯಸ್ಸು ನಿರ್ಧಾರದ 1974ರ ಕಾಯಿದೆಯಿದೆ. ಸೇವೆಗೆ ಸೇರಿದ ಮೂರು ವರ್ಷಗಳೊಳಗೆ ಕೇಳದಿದ್ದರೆ ಆಮೇಲೆ ತಿದ್ದುವಂತಿಲ್ಲ. ಅದು ನ್ಯಾಯವೇ. ಓದು ಬರಹ ಬಲ್ಲ ನೌಕರ ತನ್ನ ಸೇವಾಪುಸ್ತಕದಲ್ಲಿ ಏನಿದೆಯೆಂದು ನೋಡಿ ಸಹಿ ಮಾಡಿರುತ್ತಾನೆ, ಅದರ ಲಾಭವನ್ನೂ ಪಡೆದಿರುತ್ತಾನೆ. ಆದರೆ ತನ್ನ ಹೆಸರಿನ ಮುಂದೆ ಏನು ಬರೆದರೆಂದು ಓದಲಾರದವಳಿಗೆ ಅದೇ ಕಟ್ಟು ಹಾಕುವುದು ನ್ಯಾಯವಲ್ಲ. ಆಧಾರಿನಲ್ಲಿ ಜನ್ಮದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಲು ಅವಕಾಶ. ಮೊದಲ ಊಹೆ ಯಾರದು ಎಂದು ಕೇಳದೆ, ಊಹೆಗೊಳಗಾದವರ ಮೇಲೆ ಪುರಾವೆಯ ಭಾರ ಹೊರಿಸುವ ಕ್ರಮವಿದು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಮೊದಲನೆಯದಾಗಿ, ಅಂದಾಜನ್ನು ಅಂದಾಜೆಂದೇ ಬರೆದಿಡಬೇಕು. ಆ ಗುರುತು ತಾರೀಖಿನ ಜೊತೆಯಲ್ಲಿಯೇ ಕಚೇರಿಯಿಂದ ಕಚೇರಿಗೆ ಸಾಗಬೇಕು. ಇದು ಯಂತ್ರಕ್ಕೆ ಅಸಾಧ್ಯವಲ್ಲ. ತಾರೀಖು ಬರೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8601ಕ್ಕೆ 2019ರಲ್ಲಿ ಎರಡನೆಯ ಭಾಗವೊಂದು ಸೇರಿತು. ‘ಸುಮಾರು’, ‘ಸಂದೇಹಾಸ್ಪದ’ ಎಂಬುದನ್ನು ಸೂಚಿಸಲು ಅದರಲ್ಲಿ ಚಿಹ್ನೆಗಳಿವೆ. ಹಳೆಯ ಹಸ್ತಪ್ರತಿಗಳಿಗೆ ತೋರುವ ಸೌಜನ್ಯವನ್ನು ಜೀವಂತ ಮನುಷ್ಯರಿಗೂ ತೋರಿದರಾಯಿತು. ಎರಡನೆಯದಾಗಿ, ತಾರೀಖು ಅಂದಾಜೆಂದು ತಿಳಿದಿರುವಲ್ಲಿ ಸಂಶಯದ ಲಾಭ ವ್ಯಕ್ತಿಗೆ ಸಿಗಬೇಕು. ಕೊಲೆಯ ಆರೋಪಿಗೆ ಸಿಗುವ ಆ ಲಾಭ ಪಿಂಚಣಿ ಕೇಳುವ ಮುದುಕಿಗೆ ಏಕೆ ಸಿಗಬಾರದು? ಮೂರನೆಯದಾಗಿ, ಕಣ್ಣಾರೆ ಕಂಡು, ಮಕ್ಕಳ ವಯಸ್ಸು ನೋಡಿ, ನೆರೆಹೊರೆಯವರನ್ನು ಕೇಳಿ, ಸಕಾರಣವಾಗಿ ಬರೆದು ತಿದ್ದುವ ಅಧಿಕಾರ ಹತ್ತಿರದ ಒಬ್ಬ ಮನುಷ್ಯನಿಗೆ ಇರಬೇಕು. ಅವನು ಅದಕ್ಕೆ ಉತ್ತರದಾಯಿಯೂ ಆಗಿರಬೇಕು. ತಪ್ಪು ಮಾಡಬಹುದಾದ ಮನುಷ್ಯ, ಪ್ರಶ್ನಿಸಲಾಗದ ಪರದೆಗಿಂತ ಪ್ರಜಾಪ್ರಭುತ್ವಕ್ಕೆ ಹತ್ತಿರದವನು.

2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ ಮರಣ ನೋಂದಣಿ ತಿದ್ದುಪಡಿ ಕಾನೂನಿನ ಪ್ರಕಾರ, ಆ ದಿನದ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಉದ್ಯೋಗ ಮುಂತಾದವಕ್ಕೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಪುರಾವೆ. ಮುಂದಿನ ಪೀಳಿಗೆಗೆ ಜೂನ್ ಒಂದರ ಗೊಂದಲ ಇರಲಾರದು. ಹಾಗೆಂದು ‘ಹಳಬರು ಹೋದ ಮೇಲೆ ಸಮಸ್ಯೆ ತಾನೇ ಮುಗಿಯುತ್ತದೆ’ ಎಂದು ಕಾಯುವುದು ನಾಗರಿಕ ಸಮಾಜದ ಲಕ್ಷಣವಲ್ಲ.

ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶ ಬರೆಯುವ ನನ್ನ ವಿದ್ಯಾರ್ಥಿಗಳು ಬಹಳ ಮಂದಿ ಇದ್ದೀರಿ. ನಿಮ್ಮ ಮುಂದೆ ‘ಜನ್ಮದಿನಾಂಕ’ ಎಂಬ ಮನೆ ಬಂದಾಗ, ಅದನ್ನು ತುಂಬಲೇಬೇಕೆಂಬ ಕೆಂಪು ನಕ್ಷತ್ರ ಹಚ್ಚುವ ಮುನ್ನ ಒಂದು ನಿಮಿಷ ಯೋಚಿಸಿ. ಪಕ್ಕದಲ್ಲಿ ‘ಅಂದಾಜು’ ಎಂಬ ಸಣ್ಣ ಚೌಕ ಇಡಲು ತಗಲುವ ಸ್ಥಳ ಒಂದೇ ಒಂದು ಬಿಟ್ ಎಂದು ನಿಮ್ಮಲ್ಲೊಬ್ಬರು ನನಗೆ ಹೇಳಿದ್ದೀರಿ. ಊರಿನಲ್ಲಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಮನೆಯ, ನಿಮ್ಮ ತೋಟದ ಲೈನುಮನೆಗಳ ಹಿರಿಯರ ಕಾಗದಗಳನ್ನು ಈ ಮಳೆಗಾಲದಲ್ಲಿ ಒಮ್ಮೆ ತೆಗೆದು, ತಾಯಿ ಮಕ್ಕಳ ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎಂಟು ವರ್ಷದ ತಾಯಂದಿರು ಇನ್ನೂ ಎಷ್ಟು ಮಂದಿ ಇದ್ದಾರೋ. ಅವರಿಗೆ ಪಿಂಚಣಿಯ ಅಗತ್ಯ ಬೀಳುವ ಮೊದಲೇ ತಿದ್ದಿಸಿಕೊಡಿ.